ಬಳ್ಳಾರಿಯಲ್ಲಿ ದಿನಬಳಕೆಯ ಮಸ್ಟಾಂಗ್: ತಿರುವುಗಳಿಗಾಗಿ ನಾನು ಮಾಡಿಕೊಂಡ ಹೊಂದಿಕೆ

ನಾನು ಓಡಿಸುವುದು ಸೆಕೆಂಡ್ ಹ್ಯಾಂಡ್ ಕೊಂಡ ಫೋರ್ಡ್ ಮಸ್ಟಾಂಗ್ ಜಿಟಿ. 2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಮಾದರಿಯಲ್ಲಿ 5.0 ಲೀಟರಿನ ವಿ8 ಎಂಜಿನ್, ಆರು ಗೇರಿನ ಆಟೊಮ್ಯಾಟಿಕ್, 401 ಪಿಎಸ್ ಶಕ್ತಿ ಮತ್ತು 515 ಎನ್‌ಎಂ ಟಾರ್ಕ್ ಇವೆ. ಇದು ವಾರಾಂತ್ಯಕ್ಕೆ ಮಾತ್ರ ಹೊದಿಕೆ ತೆಗೆಯುವ ಕಾರಲ್ಲ. ಬಳ್ಳಾರಿಯಿಂದ ತೋರಣಗಲ್ಲಿಗೆ ಅದಿರಿನ ಟಿಪ್ಪರುಗಳ ನಡುವೆ ನಾನು ಕೆಲಸಕ್ಕೆ ಹೋಗಿಬರುವುದೂ ಇದರಲ್ಲೇ, ಮನೆಯವರನ್ನು ಕೂರಿಸಿಕೊಂಡು ಸಂಡೂರಿನ ಕಡೆ ಹೋಗುವುದೂ ಇದರಲ್ಲೇ. ಆದ್ದರಿಂದ ನಾನು ಮಾಡಿಸಿದ ಯಾವ ಬದಲಾವಣೆಯೂ ಸೋಮವಾರ ಬೆಳಿಗ್ಗೆ ಕಾರನ್ನು ಮನೆಯಲ್ಲಿ ನಿಲ್ಲಿಸುವಂತಾಗಬಾರದು ಎಂಬ ಒಂದು ಷರತ್ತನ್ನು ಮೊದಲೇ ಹಾಕಿಕೊಂಡಿದ್ದೆ.

ಇಂಥ ಕಾರು ಕೈಗೆ ಬಂದಾಗ ಸುತ್ತಲಿನವರೆಲ್ಲ ಮೊದಲು ಕೇಳುವುದು ನೇರ ಓಟದ, ಅಂದರೆ 402 ಮೀಟರಿನ ಡ್ರ್ಯಾಗ್ ಓಟದ ಸಮಯವನ್ನೇ. ನಾನು ಆ ದಾರಿಯನ್ನು ಬಿಟ್ಟುದಕ್ಕೆ ನಮ್ಮ ಊರಿನ ಹವೆಯೇ ಒಂದು ಕಾರಣ. ಗಾಳಿಯ ಉಷ್ಣತೆ 20 ಡಿಗ್ರಿಯಿಂದ 42 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಶೇ. 7ರಷ್ಟು ತಗ್ಗುತ್ತದೆ, ಬಳ್ಳಾರಿ ಸಮುದ್ರಮಟ್ಟಕ್ಕಿಂತ ಐನೂರು ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಇನ್ನೂ ಶೇ. 5–6ರಷ್ಟು ಕಡಿಮೆಯಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಗಾಳಿ ಎಷ್ಟು ಕಡಿಮೆಯೋ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಎರಡನೆಯ ಕಾರಣ, ಡ್ರ್ಯಾಗ್ ಓಟಕ್ಕೆ ಬೇಕಾದ ಹೊಂದಿಕೆಯು ತಿರುವಿಗೆ ಬೇಕಾದ ಹೊಂದಿಕೆಗೆ ಬಹುಮಟ್ಟಿಗೆ ವಿರುದ್ಧವಾದದ್ದು. ಅಲ್ಲಿ ಮೂತಿ ಎದ್ದು ಭಾರವೆಲ್ಲ ಹಿಂದಕ್ಕೆ ಸರಿಯಬೇಕು, ಮುಂದಿನ ಟೈರು ಸಪೂರವಾಗಿದ್ದಷ್ಟೂ ಒಳ್ಳೆಯದು. ಇಲ್ಲಿ ನಾಲ್ಕೂ ಟೈರುಗಳು ಭಾರವನ್ನು ಹಂಚಿಕೊಂಡು ಕೆಲಸ ಮಾಡಬೇಕು. ಎರಡನ್ನೂ ಅರ್ಧರ್ಧ ಮಾಡಿಸಿಕೊಂಡ ಕಾರು ಯಾವುದಕ್ಕೂ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಲಸವನ್ನು ಟೈರುಗಳಿಂದಲೇ ಆರಂಭಿಸಿದೆ. ಎಂಜಿನ್ನಿನ ಬಲವಾಗಲಿ ಬ್ರೇಕಿನ ಬಲವಾಗಲಿ ನೆಲಕ್ಕೆ ತಲುಪುವುದು ಅಂಗೈಯಗಲದ ನಾಲ್ಕು ಜಾಗಗಳಿಂದ ಮಾತ್ರ. ಟೈರಿನ ಪಕ್ಕದಲ್ಲಿ ತಯಾರಿಕೆಯ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. 3516 ಎಂದರೆ 2016ರ ಮೂವತ್ತೈದನೆಯ ವಾರ. ಕಾರಿನ ಜೊತೆ ಬಂದ ಟೈರುಗಳಲ್ಲಿ ಗೀರು ಸಾಕಷ್ಟು ಆಳವಿದ್ದರೂ ಬಿಸಿಲಿಗೆ ರಬ್ಬರು ಗಡುಸಾಗಿ ಉಗುರು ಒತ್ತಿದರೆ ಗುರುತೇ ಮೂಡುತ್ತಿರಲಿಲ್ಲ. ನಾಲ್ಕನ್ನೂ ಬದಲಾಯಿಸಿದೆ, ಮುಂದೆ 255, ಹಿಂದೆ 275 ಮಿ.ಮೀ. ಅಗಲದ ಮೂಲ ಅಳತೆಯನ್ನೇ ಇಟ್ಟುಕೊಂಡೆ. ಇನ್ನೂ ಅಗಲದ ಟೈರು ಹಾಕಿ ಎಂದವರು ಹಲವರು, ಆದರೆ ಹೊಂಡ ಬಂದಾಗ ಚಕ್ರದ ಕಮಾನಿಗೆ ಟೈರು ತಾಗುವುದನ್ನು ದಿನವೂ ಸಹಿಸಿಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ಇನ್ನು ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನಗಳನ್ನು ಹೊಂದಿಸುವ ಕೆಲಸ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ತರುವ ಕೆಲಸ ಬೇರೊಂದಿಲ್ಲ, ಹಾಗೆಯೇ ನಮ್ಮಲ್ಲಿ ಇಷ್ಟು ಅವಸರದಲ್ಲಿ ಮುಗಿಸುವ ಕೆಲಸವೂ ಬೇರೊಂದಿಲ್ಲ. ಪರದೆಯ ಮೇಲೆ ಪಟ್ಟಿಗಳು ಹಸಿರಾದರೆ ಲೆಕ್ಕ ಚುಕ್ತಾ. ನನ್ನ ಕಾರನ್ನು ನೋಡಿದ ಹುಡುಗನೂ "ಎಲ್ಲಾ ಹಸ್ರು ಬಂದೈತಲ್ರೀ ಅಣ್ಣಾ, ಇನ್ನೇನ್ ಮಾಡ್ಬೇಕು?" ಎಂದು ಕೇಳಿದ. ಹಸಿರು ಎಂದರೆ ಕಂಪನಿ ಒಪ್ಪುವ ಮಿತಿಯ ಒಳಗಿದೆ ಎಂದಷ್ಟೇ ಅರ್ಥ. ಆ ಮಿತಿಯ ಒಂದು ತುದಿಯಲ್ಲಿ ಎಡಗಾಲಿ, ಇನ್ನೊಂದು ತುದಿಯಲ್ಲಿ ಬಲಗಾಲಿ ಇದ್ದರೂ ಪರದೆ ಹಸಿರೇ.

ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲಿದಾಗ ಹೊರಬದಿಯ ಮುಂಚಕ್ರವೂ ಅದರೊಂದಿಗೆ ವಾಲಿ, ಟೈರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕಬ್ಸರೂ ಒಂದೇ ಕಂಬದಲ್ಲಿ ಸೇರಿದ ಜೋಡಣೆ) ಇರುವ ಕಾರುಗಳಲ್ಲಿ ಸ್ಪ್ರಿಂಗ್ ಒತ್ತಿಕೊಂಡಾಗ ಈ ವಾಲುವಿಕೆಯನ್ನು ಸರಿದೂಗಿಸುವಷ್ಟು ಕ್ಯಾಂಬರ್ (ಮುಂದಿನಿಂದ ನೋಡಿದಾಗ ಕಾಣುವ ಚಕ್ರದ ಓರೆ) ತಾನಾಗಿ ಒದಗಿಬರುವುದಿಲ್ಲವಾದ್ದರಿಂದ, ನಿಂತಾಗಲೇ ಚಕ್ರದ ತಲೆಯನ್ನು ಕೊಂಚ ಒಳಕ್ಕೆ ಬಾಗಿಸಿಟ್ಟಿರಬೇಕಾಗುತ್ತದೆ. ಈ ಮಸ್ಟಾಂಗಿನಲ್ಲಿ ಹಿಂದಿನ ಚಕ್ರಗಳ ಕ್ಯಾಂಬರ್ ಹೊಂದಿಸಬಹುದು, ಮುಂದಿನದಕ್ಕೆ ಕಾರ್ಖಾನೆಯಿಂದ ಅಂಥ ವ್ಯವಸ್ಥೆ ಇಲ್ಲ. ಹಾಗಾಗಿ ಸ್ಟ್ರಟ್‌ನ ಮೇಲ್ತುದಿಗೆ, ಆ ಓರೆಯನ್ನು ಹೊಂದಿಸಲು ಬಿಡುವ ಕ್ಯಾಂಬರ್ ಪ್ಲೇಟ್ ಹಾಕಿಸಿದೆ. ಮುಂದೆ ಎರಡು ಡಿಗ್ರಿ ಒಳಬಾಗು ಮತ್ತು ಸೊನ್ನೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ). ಹಿಂದೆ ಒಂದೂವರೆ ಡಿಗ್ರಿ ಮತ್ತು ಎರಡೂ ಚಕ್ರ ಸೇರಿ ಎರಡು ಮಿ.ಮೀ. ಟೋ-ಇನ್, ಅಂದರೆ ಮೂತಿ ಒಳಕ್ಕೆ. ಇವು ನನ್ನ ಅಂಕಿಗಳು. ಒಳಬಾಗಿನಿಂದ ಟೈರಿನ ಒಳ ಅಂಚು ಬೇಗ ಸವೆಯುತ್ತದೆಂಬುದು ನಿಜವೇ, ಆದರೆ ಟೈರನ್ನು ನಿಜವಾಗಿ ತಿಂದುಹಾಕುವುದು ತಪ್ಪಾದ ಟೋ. ಚಕ್ರ ಉರುಳುವ ಬದಲು ಪ್ರತಿ ಮೀಟರಿಗೂ ಒಂದಿಷ್ಟು ಪಕ್ಕಕ್ಕೆ ಉಜ್ಜಿಕೊಂಡೇ ಸಾಗುತ್ತದೆ.

ಯಂತ್ರದ ಅಂಕಿಯನ್ನು ಮನೆಯ ಗ್ಯಾರೇಜಿನಲ್ಲಿ ನಾನೇ ಒಮ್ಮೆ ಪರೀಕ್ಷಿಸುವ ರೂಢಿ ಇಟ್ಟುಕೊಂಡಿದ್ದೇನೆ. ಚಾಲಕನ ಸೀಟಿನ ಮೇಲೆ ಸಿರುಗುಪ್ಪದ ಸೋನಾ ಮಸೂರಿ ಅಕ್ಕಿಯ 25 ಕೆ.ಜಿ.ಯ ಮೂರು ಚೀಲಗಳನ್ನು ಇಡುತ್ತೇನೆ. ಏಕೆಂದರೆ ನಾನು ಕೂತಾಗ ಕಾರು ಎಷ್ಟು ಕುಗ್ಗುವುದೋ ಅಷ್ಟೇ ಕುಗ್ಗಿದ ಸ್ಥಿತಿಯಲ್ಲಿ ಅಳೆಯಬೇಕು. ಗಾರೆ ಕೆಲಸದವರ ತೂಕದ ಗುಂಡನ್ನು ಚಕ್ರದ ಹೊರಮುಖದ ಪಕ್ಕ ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಎಷ್ಟು ದೂರವಿದೆಯೆಂದು ಉಕ್ಕಿನ ಸ್ಕೇಲಿನಿಂದ ಅಳೆದರೆ ಆಯಿತು. 19 ಇಂಚಿನ ರಿಮ್ಮು ಅಂಚಿನಿಂದ ಅಂಚಿಗೆ ಸುಮಾರು 52 ಸೆಂ.ಮೀ. ಇರುವುದರಿಂದ ಎರಡು ಡಿಗ್ರಿಗೆ 18 ಮಿ.ಮೀ. ವ್ಯತ್ಯಾಸ ಬರಬೇಕು. ಟೋ ನೋಡಲು ಕಾರಿನ ಎರಡೂ ಪಕ್ಕ ಸಮಾನಾಂತರವಾಗಿ ಮೀನು ಹಿಡಿಯುವ ನೈಲಾನ್ ದಾರ ಕಟ್ಟುತ್ತೇನೆ. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ, ಹೀಗಾಗಿ ಟೋ ಯಾವಾಗಲೂ ಕೊನೆಯಲ್ಲಿ.

ಗಾಳಿಯ ಒತ್ತಡದ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷ ಎಚ್ಚರ ವಹಿಸಬೇಕು. ಉಷ್ಣತೆ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಮೇ ತಿಂಗಳ ಬೆಳಗಿನ ಜಾವ ಸರಿಯಾಗಿ ತುಂಬಿಸಿದ ಟೈರು ಮಧ್ಯಾಹ್ನಕ್ಕೆ, ಕಾರು ನಿಂತಲ್ಲೇ ನಿಂತಿದ್ದರೂ, ಎರಡು ಮೂರು ಪಿಎಸ್‌ಐ ಉಬ್ಬಿರುತ್ತದೆ. ದಿನಬಳಕೆಗೆ ಬಾಗಿಲಿನ ಚೀಟಿಯಲ್ಲಿರುವ ಅಂಕಿಯನ್ನೇ ತಣ್ಣಗಿರುವಾಗ ತುಂಬಿಸುತ್ತೇನೆ. ರೇಸ್ ಟ್ರ್ಯಾಕಿನಲ್ಲಿ ಲೆಕ್ಕಕ್ಕೆ ಬರುವುದು ಬಿಸಿಯಾದ ಮೇಲಿನ ಒತ್ತಡ. ಅಲ್ಲಿ ಕಡಿಮೆ ಗಾಳಿಯಿಂದ ಆರಂಭಿಸಿ ಬಿಸಿಯಾದಾಗ 35ರ ಆಸುಪಾಸಿಗೆ ಬರುವಂತೆ ನೋಡಿಕೊಳ್ಳುತ್ತೇನೆ. ಟೈರಿನ ಭುಜಕ್ಕೆ ಬಳಿದ ಸೀಮೆಸುಣ್ಣ ಎಲ್ಲಿಯವರೆಗೆ ಅಳಿಸಿದೆ ಎಂಬುದನ್ನು ನೋಡಿದರೆ, ಟೈರು ಎಷ್ಟರಮಟ್ಟಿಗೆ ಮಡಚಿಕೊಂಡಿತ್ತೆಂಬುದು ತಿಳಿಯುತ್ತದೆ.

ಬ್ರೇಕುಗಳಲ್ಲಿ ಡಿಸ್ಕಾಗಲಿ ಅದನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಆಗಲಿ ಮುಟ್ಟಲಿಲ್ಲ. ಮುಂದಿನ ಆರು ಪಿಸ್ಟನ್ನಿನ ಕ್ಯಾಲಿಪರುಗಳು ಸಾಕಷ್ಟು ಸಮರ್ಥವಾಗಿವೆ. ಬದಲಾಯಿಸಿದ್ದು ಎಣ್ಣೆ ಮತ್ತು ಪ್ಯಾಡ್. ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಾಖ ನಾಲ್ಮಡಿಯಾಗುತ್ತದೆ; ಬ್ರೇಕ್ ಎಣ್ಣೆ ಗಾಳಿಯಿಂದ ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆಗಳೆದ್ದರೆ ಪೆಡಲ್ ನೆಲದವರೆಗೆ ಹೋಗುತ್ತದೆ. ಟ್ರ್ಯಾಕಿಗೆ ಹೋಗುವ ಮುನ್ನ ಪ್ರತಿ ಸಲವೂ ಹೊಸ ಎಣ್ಣೆ ಹಾಕಿ ಗಾಳಿ ತೆಗೆಸುತ್ತೇನೆ. ಅಪ್ಪಟ ರೇಸಿನ ಪ್ಯಾಡುಗಳನ್ನು ಬೇಕೆಂದೇ ಹಾಕಿಸಲಿಲ್ಲ, ಏಕೆಂದರೆ ಅವು ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ, ಬಳ್ಳಾರಿಯ ರಾಯಲ್ ವೃತ್ತದ ಸಂದಣಿಯಲ್ಲಿ ಅವು ಬಿಸಿಯಾಗುವ ಮಾತೇ ಇಲ್ಲ.

ಹಳೆಯ ಶಾಕಬ್ಸರುಗಳ ದಮ್ಮು ಹೋಗಿದ್ದರಿಂದ ಹೊಸದನ್ನು ಹಾಕಿಸಿದೆ. ಸ್ಪ್ರಿಂಗ್ ಮೂಲದ್ದೇ ಇದೆ. ಕಾರನ್ನು ತಗ್ಗಿಸಿದರೆ ನೋಟ ಬರುತ್ತದೆ, ಆದರೆ ಸ್ಪ್ರಿಂಗಿಗೆ ಕುಗ್ಗಲು ಜಾಗವಿಲ್ಲದೆ ಬಂಪ್ ಸ್ಟಾಪ್ (ಕುಗ್ಗುವಿಕೆಯ ಕೊನೆಯ ತಡೆ) ಮೇಲೆ ಕೂತ ಕಾರು ತಿರುವಿನ ನಡುವೆ ಚಿಕ್ಕ ಏರುಪೇರು ಸಿಕ್ಕರೂ ಒಮ್ಮೆಲೇ ಹಿಡಿತ ಬಿಡುತ್ತದೆ. ನಮ್ಮೂರ ಹಂಪುಗಳ ಕಥೆ ಬೇರೆಯೇ. ವಾಲುವಿಕೆಯನ್ನು ಹತೋಟಿಗೆ ತರಲು ಹಿಂದೆ ಹೊಂದಿಸಬಹುದಾದ ಆ್ಯಂಟಿ-ರೋಲ್ ಬಾರ್ (ಎಡ ಬಲ ಚಕ್ರಗಳ ಜೋಡಣೆಯನ್ನು ಕೂಡಿಸುವ ಸರಳು) ಹಾಕಿಸಿ ನಡುವಿನ ರಂಧ್ರಕ್ಕೆ ಜೋಡಿಸಿದ್ದೇನೆ. ಈ ಬಾರ್ ಹೊರಬದಿಗೆ ಸರಿಯುವ ಒಟ್ಟು ಭಾರವನ್ನು ಕಡಿಮೆ ಮಾಡುವುದಿಲ್ಲ. ಅದರಲ್ಲಿ ಮುಂದಿನ ಚಕ್ರಗಳ ಪಾಲೆಷ್ಟು, ಹಿಂದಿನ ಚಕ್ರಗಳ ಪಾಲೆಷ್ಟು ಎಂಬುದನ್ನು ಬದಲಿಸುತ್ತದೆ. ಹಿಂದೆ ಬಿಗಿ ಮಾಡಿದಷ್ಟೂ ಮೂತಿ ತಿರುವಿನೊಳಕ್ಕೆ ಸುಲಭವಾಗಿ ಬರುತ್ತದೆ, ಅತಿಯಾದರೆ ಮಳೆಯಲ್ಲಿ ಹಿಂಭಾಗ ಜಾರುತ್ತದೆ. ಆದ್ದರಿಂದ ಮಳೆಗಾಲಕ್ಕೆ ಒಂದು ರಂಧ್ರ ಸಡಿಲ.

ಅದಿರಿನ ಕೆಂಪು ಧೂಳಿಗಾಗಿ ಏರ್ ಫಿಲ್ಟರನ್ನು ಕಾಗದದ್ದೇ ಇಟ್ಟು ಬೇಗ ಬೇಗ ಬದಲಾಯಿಸುತ್ತೇನೆ. ಎಣ್ಣೆ ಸವರಿದ ಹತ್ತಿಯ ಫಿಲ್ಟರಿನಿಂದ ಸಿಗಬಹುದಾದ ಅಲ್ಪಸ್ವಲ್ಪ ಶಕ್ತಿಗಾಗಿ ಸಿಲಿಂಡರಿಗೆ ಕಬ್ಬಿಣದ ಪುಡಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ರೇಡಿಯೇಟರಿನ ಎದೆಯಲ್ಲಿ ಕಟ್ಟಿದ ಧೂಳನ್ನು ಹಿಂಬದಿಯಿಂದ ಸಣ್ಣ ಒತ್ತಡದ ನೀರು ಬಿಟ್ಟು ತೊಳೆಯಬೇಕು.

ಇದೆಲ್ಲದರ ಪರೀಕ್ಷೆ ನಡೆಯುವುದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯ 3.7 ಕಿ.ಮೀ. ಟ್ರ್ಯಾಕಿನಲ್ಲಿ, ಸಂಡೂರಿನ ಘಾಟಿಯಲ್ಲಲ್ಲ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಡಿ ಅಪರಾಧ. ಆರ್‌ಸಿಯಲ್ಲಿ ನಮೂದಾದ ವಿವರಕ್ಕೆ ಹೊಂದದ ಮಾರ್ಪಾಡುಗಳನ್ನು 52ನೆಯ ಕಲಮು ತಡೆಯುತ್ತದೆ. ಟ್ರ್ಯಾಕಿನಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದುಕೊಂಡು, ನಂತರವೇ ಮುಂದಿನದಕ್ಕೆ ಕೈ ಹಾಕುತ್ತೇನೆ.

ಸದ್ಯಕ್ಕೆ ಉಳಿದಿರುವುದು ಹಿಂದಿನ ಸಬ್‌ಫ್ರೇಮ್, ಅಂದರೆ ಹಿಂದಿನ ಚಕ್ರಗಳ ಜೋಡಣೆಯನ್ನು ಹೊತ್ತ ಚೌಕಟ್ಟು. ಮಸ್ಟಾಂಗಿನ ಎಲ್ಲ ಮಾದರಿಗಳಿಗೂ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎಡ ಬಲ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಜೋಡಣೆ) ಬಂದದ್ದು ಈ ಪೀಳಿಗೆಯಿಂದ. ಸುಖ ಪ್ರಯಾಣಕ್ಕಾಗಿ ಸಬ್‌ಫ್ರೇಮಿನ ಬುಶ್‌ಗಳನ್ನು (ಅದನ್ನು ಕಾರಿನ ಮೈಗೆ ಕೂಡಿಸುವ ರಬ್ಬರಿನ ತುಂಡುಗಳನ್ನು) ಮೆತ್ತಗೆ ಇಟ್ಟಿರುವುದರಿಂದ ನಿಂತಲ್ಲಿಂದ ಜೋರಾಗಿ ಎಳೆದಾಗ ಹಿಂಚಕ್ರಗಳು ನೆಲದ ಮೇಲೆ ಕುಪ್ಪಳಿಸುತ್ತವೆ. ಡ್ರ್ಯಾಗ್ ಓಡಿಸುವವರು ಮೊದಲು ಮಾಡಿಸುವುದೇ ಇದರ ಬಿಗಿತ. ತಿರುವಿನಿಂದ ಹೊರಬರುವಾಗ ನನಗೂ ಅದರಿಂದ ಲಾಭವಿದೆ, ಆದರೆ ಹಿಂಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಗುಂಯ್‌ಗುಡುವಿಕೆ ಒಳಕ್ಕೆ ಕೇಳಿಸತೊಡಗುತ್ತದೆ. ಬುಶ್‌ಗಳ ಖಾಲಿ ಜಾಗವನ್ನಷ್ಟೇ ತುಂಬುವ ಅಗ್ಗದ ಪಾಲಿಯುರೆಥೇನ್ ತುಂಡುಗಳನ್ನು ಮೊದಲು ಹಾಕಿಸಿ, ಹಿಂದಿನ ಸೀಟಿನಲ್ಲಿ ಕೂರುವವರು ಏನೆನ್ನುತ್ತಾರೆ ಎಂಬುದನ್ನು ಕೇಳಿಯೇ ಮುಂದಿನ ನಿರ್ಧಾರ ಮಾಡುತ್ತೇನೆ.