ಲೇಬರ್ ಪಕ್ಷದ ಬ್ರೆಕ್ಸಿಟ್ ಇಕ್ಕಟ್ಟಿನ ಬಗ್ಗೆ ಸೆಮಿನಾರ್ ಪ್ರಬಂಧ ಬರೆಯುವ ಕ್ರಮ

ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವ ವಿಷಯದಲ್ಲಿ ಆ ದೇಶದ ವಿರೋಧ ಪಕ್ಷವಾಗಿದ್ದ ಲೇಬರ್ ಪಕ್ಷವು ಸ್ಪಷ್ಟ ನಿಲುವು ತಳೆಯಲಾರದೆ ಒದ್ದಾಡಿದ ಪ್ರಸಂಗವನ್ನು ದಾವಣಗೆರೆಯ ನಮ್ಮ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಸೆಮಿನಾರಿಗೆ ಆಯ್ದುಕೊಳ್ಳುವುದುಂಟು. ಬಹುಪಾಲು ಪ್ರಬಂಧಗಳು ಮೊದಲ ವಾಕ್ಯದಲ್ಲೇ ‘ಪಕ್ಷವು ಅಡ್ಡಗೋಡೆಯ ಮೇಲೆ ದೀಪ ಇಟ್ಟಿತು’ ಎಂದು ತೀರ್ಪು ಕೊಟ್ಟುಬಿಡುತ್ತವೆ. ಆಮೇಲೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ದೀಪವನ್ನು ಅಲ್ಲಿಯೇ ಇಡಬೇಕೆಂದು ಪಕ್ಷಕ್ಕೆ ಅನ್ನಿಸಿದ್ದೇಕೆ, ಎಲ್ಲಿಯವರೆಗೆ ಅದರಿಂದ ಪ್ರಯೋಜನವಾಯಿತು, ಯಾವಾಗ ಅದು ಕೈಕೊಟ್ಟಿತು ಎಂಬುದನ್ನು ತೋರಿಸುವುದು ಪ್ರಬಂಧದ ಕೆಲಸ.

ಆರಂಭವನ್ನು ನಾಯಕನಿಂದ ಮಾಡಬೇಡಿ, ನಕ್ಷೆಯಿಂದ ಮಾಡಿ. 2016ರ ಜೂನ್ 23ರ ಜನಮತಗಣನೆಯಲ್ಲಿ ಐರೋಪ್ಯ ಒಕ್ಕೂಟವನ್ನು ತೊರೆಯಬೇಕೆಂದವರು ಶೇ 51.9, ಉಳಿಯಬೇಕೆಂದವರು ಶೇ 48.1. ಈ ಮತಗಳು ಯಾವ ಊರುಗಳಿಂದ ಬಂದವು ಎಂಬುದು ಒಟ್ಟು ಲೆಕ್ಕಕ್ಕಿಂತ ಮುಖ್ಯ. ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅವರ ಕ್ಷೇತ್ರವಿರುವ ಲಂಡನ್ನಿನ ಇಸ್ಲಿಂಗ್ಟನ್ ಪ್ರದೇಶದಲ್ಲಿ ಶೇ 75ರಷ್ಟು ಮತ ಉಳಿಯುವ ಪರ ಬಿದ್ದಿತು. ಅವರ ಹಿಂದಿನ ನಾಯಕ ಎಡ್ ಮಿಲಿಬ್ಯಾಂಡ್ ಅವರ ಕ್ಷೇತ್ರವಿರುವ ಡಾನ್‌ಕಾಸ್ಟರ್‌ನಲ್ಲಿ ಶೇ 69ರಷ್ಟು ಮತ ತೊರೆಯುವ ಪರ ಬಿದ್ದಿತು. ಇಡೀ ಇಕ್ಕಟ್ಟನ್ನು ಈ ಎರಡು ಸ್ಥಳಗಳಿಂದಲೇ ಕೇಳುಗರ ಮುಂದಿಡಬಹುದು.

ಇಲ್ಲಿ ನಮ್ಮೂರಿನವರು ಜಾರುವ ಒಂದು ಜಾಗವಿದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುವುದನ್ನು ಕೇಳುತ್ತಲೇ ಬೆಳೆದವರಿಗೆ, ಹತ್ತಿ ಗಿರಣಿಗಳು ಮುಚ್ಚಿದ ಊರೆಂದರೆ ಸಿಟ್ಟಿನ ಮತವೇ ಎಂಬ ಊಹೆ ಸಲೀಸಾಗಿ ಬರುತ್ತದೆ. ಹಾಗೆ ಊಹಿಸಿ, ಮ್ಯಾಂಚೆಸ್ಟರ್ ನಗರ ಒಕ್ಕೂಟ ತೊರೆಯಲು ಮತ ಹಾಕಿತೆಂದು ಬರೆದ ಪ್ರಬಂಧಗಳನ್ನು ನಾನು ತಿದ್ದಿದ್ದೇನೆ. ನಿಜವಾಗಿ ಆ ನಗರದ ಶೇ 60ರಷ್ಟು ಮತ ಉಳಿಯುವ ಪರವಾಗಿತ್ತು. ಆ ಭಾಗದ ಹಳೆಯ ಕೈಗಾರಿಕಾ ಪಟ್ಟಣಗಳ ಮಾತು ಬೇರೆ: ತೊರೆಯುವ ಪರ ಓಲ್ಡ್‌ಹ್ಯಾಮ್‌ನಲ್ಲಿ ಸುಮಾರು ಶೇ 61, ವಿಗನ್‌ನಲ್ಲಿ ಶೇ 64, ಬರ್ನ್ಲಿಯಲ್ಲಿ ಶೇ 67 ಮತ ಬಿದ್ದಿತ್ತು. ವಿಶ್ವವಿದ್ಯಾಲಯಗಳೂ ಹೊಸ ಬಗೆಯ ಉದ್ಯೋಗಗಳೂ ಸೇರಿಕೊಂಡ ದೊಡ್ಡ ನಗರ ಒಂದು ಕಡೆ, ಹಳೆಯ ಕಸುಬು ಹೋದ ಮೇಲೆ ಅದಕ್ಕೆ ಸರಿಸಮನಾದದ್ದು ಬಾರದ ಪಟ್ಟಣ ಇನ್ನೊಂದು ಕಡೆ. ಎರಡೂ ಕಡೆಯವರು ತಲೆಮಾರುಗಳಿಂದ ನೆಚ್ಚಿಕೊಂಡಿದ್ದ ಪಕ್ಷ ಮಾತ್ರ ಒಂದೇ.

ಇದರ ಬೆನ್ನಿಗೇ ಪ್ರಬಂಧದ ತಿರುಳಾದ ಲೆಕ್ಕವನ್ನು ಇಡಿ. ಲೇಬರ್ ಮತದಾರರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಉಳಿಯುವ ಪರವಾಗಿದ್ದರು. ಆದರೆ ಅಂದಾಜಿನ ಪ್ರಕಾರ ಲೇಬರ್ ಗೆದ್ದಿದ್ದ ಕ್ಷೇತ್ರಗಳ ಪೈಕಿ ಹತ್ತರಲ್ಲಿ ಆರು ತೊರೆಯುವ ಕಡೆಗೆ ವಾಲಿದ್ದವು. ಉಳಿಯುವ ಮತಗಳು ಮಹಾನಗರಗಳ ಕೆಲವೇ ಕ್ಷೇತ್ರಗಳಲ್ಲಿ ರಾಶಿ ಬಿದ್ದಿದ್ದರಿಂದ, ಪಕ್ಷದ ಹೆಚ್ಚು ಮತದಾರರನ್ನು ಮೆಚ್ಚಿಸುವ ನಿಲುವು ಹೆಚ್ಚು ಸೀಟುಗಳನ್ನು ಅಪಾಯಕ್ಕೆ ಒಡ್ಡುವ ನಿಲುವೂ ಆಗಿತ್ತು. ಜನಮತಗಣನೆಯ ಎಣಿಕೆ ನಡೆದದ್ದು ಸ್ಥಳೀಯ ಆಡಳಿತ ಪ್ರದೇಶವಾರು, ಸಂಸತ್ ಕ್ಷೇತ್ರವಾರು ಅಲ್ಲ; ಆದ್ದರಿಂದ ಕ್ಷೇತ್ರಗಳ ಲೆಕ್ಕ ಕೊಡುವಾಗ ‘ಅಂದಾಜಿನ ಪ್ರಕಾರ’ ಎಂಬ ಮಾತನ್ನು ಬಿಡಬೇಡಿ.

ಸ್ಥಳೀಯ ಹೋಲಿಕೆ ಬೇಕೆನಿಸಿದರೆ ಭದ್ರಾ ನೀರನ್ನು ತೆಗೆದುಕೊಳ್ಳಿ. ಭದ್ರಾ ಮೇಲ್ದಂಡೆ ಯೋಜನೆಗೆ ಕಾದು ಕುಳಿತ ಚಿತ್ರದುರ್ಗದ ಮತದಾರನಿಗೂ, ನಾಲೆಯ ಕೊನೆಭಾಗಕ್ಕೆ ನೀರು ತಲುಪುತ್ತದೋ ಇಲ್ಲವೋ ಎಂದು ಚಿಂತಿಸುವ ದಾವಣಗೆರೆಯ ಅಚ್ಚುಕಟ್ಟಿನ ರೈತನಿಗೂ ಒಂದೇ ಪಕ್ಷ ಒಂದೇ ಮಾತು ಹೇಳುವುದು ಎಷ್ಟು ಕಷ್ಟವೆಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಆದರೆ ಹೋಲಿಕೆಯನ್ನು ಒಂದು ಪ್ಯಾರಾಕ್ಕೆ ನಿಲ್ಲಿಸಿ. ನೀರನ್ನು ಸರದಿಯ ಮೇಲೆ ಹಂಚಬಹುದು. ತೊರೆಯುವುದೋ ಉಳಿಯುವುದೋ ಎಂಬ ಪ್ರಶ್ನೆಯನ್ನು ಹಾಗೆ ಹಂಚಲು ಬರುವುದಿಲ್ಲ.

ನಂತರ ಕಾಲಕ್ರಮಕ್ಕೆ ಬನ್ನಿ, ತಾರೀಖುಗಳ ಪಟ್ಟಿ ಮಾತ್ರ ಮಾಡಬೇಡಿ. 2017ರ ಫೆಬ್ರುವರಿಯಲ್ಲಿ ಒಕ್ಕೂಟ ತೊರೆಯುವ ಪ್ರಕ್ರಿಯೆಗೆ ಚಾಲನೆ ಕೊಡುವ ಮಸೂದೆಯನ್ನು ಬೆಂಬಲಿಸುವಂತೆ ಕಾರ್ಬಿನ್ ವಿಪ್ ಹೊರಡಿಸಿದರು. ಮೊದಲ ಮತದಾನದಲ್ಲಿ 47, ಕೊನೆಯದರಲ್ಲಿ 52 ಲೇಬರ್ ಸಂಸದರು ಅದನ್ನು ಮೀರಿದರು. ಆದರೂ ಅದೇ ಜೂನ್‌ನಲ್ಲಿ, ಜನಮತಗಣನೆಯ ಫಲಿತಾಂಶವನ್ನು ಒಪ್ಪುತ್ತೇವೆ ಎಂಬ ಪ್ರಣಾಳಿಕೆಯೊಂದಿಗೆ ಚುನಾವಣೆಗೆ ಹೋದ ಪಕ್ಷ ಶೇ 40 ಮತ, 262 ಸೀಟು ಪಡೆಯಿತು ಮತ್ತು ಪ್ರಧಾನಿ ಥೆರೆಸಾ ಮೇ ಬಹುಮತ ಕಳೆದುಕೊಂಡರು. ಅಸ್ಪಷ್ಟತೆಯಿಂದ ಲಾಭವೂ ಆಗಿತ್ತೆಂಬ ಈ ಘಟ್ಟವನ್ನು ಹಾರಿಸಿದ ಪ್ರಬಂಧಕ್ಕೆ ನಾನು ಒಳ್ಳೆಯ ಅಂಕ ಕೊಡಲಾರೆ.

ಕಾರ್ಬಿನ್ ಅವರ ವೈಯಕ್ತಿಕ ಒಲವಿಗೆ ಎರಡು ವಾಕ್ಯ ಸಾಕು: 1975ರ ಜನಮತಗಣನೆಯಲ್ಲಿ ಅವರು ಐರೋಪ್ಯ ಸದಸ್ಯತ್ವದ ವಿರುದ್ಧ ಮತ ಹಾಕಿದ್ದರು, 2016ರಲ್ಲಿ ಒಕ್ಕೂಟದ ಬಗೆಗಿನ ತಮ್ಮ ಉತ್ಸಾಹಕ್ಕೆ ಟಿವಿಯಲ್ಲಿ ಹತ್ತಕ್ಕೆ ಏಳು, ಏಳೂವರೆ ಅಂಕ ಕೊಟ್ಟಿದ್ದರು.

2018ರ ಸೆಪ್ಟೆಂಬರ್‌ನ ಲಿವರ್‌ಪೂಲ್ ಸಮ್ಮೇಳನದ ನಿರ್ಣಯವನ್ನು ಮಾತ್ರ ಪದ ಪದ ಬಿಡಿಸಿ ಓದಿ. ಮೊದಲು ಸಾರ್ವತ್ರಿಕ ಚುನಾವಣೆಗೆ ಒತ್ತಾಯ. ಅದು ದಕ್ಕದಿದ್ದರೆ ಮತ್ತೊಂದು ಜನಮತವೂ ಸೇರಿದಂತೆ ಎಲ್ಲ ದಾರಿಗಳೂ ತೆರೆದಿರುತ್ತವೆ. ಮೊದಲರ್ಧ ಡಾನ್‌ಕಾಸ್ಟರ್‌ಗೆ, ಉಳಿದರ್ಧ ಇಸ್ಲಿಂಗ್ಟನ್‌ಗೆ ಬರೆದಂತಿದೆ. 2019ರ ಜನವರಿ 15ರಂದು ಒಕ್ಕೂಟದೊಂದಿಗೆ ಮೇ ಮಾಡಿಕೊಂಡಿದ್ದ ಬ್ರೆಕ್ಸಿಟ್ ಒಪ್ಪಂದ ಸಂಸತ್ತಿನಲ್ಲಿ 432–202 ಮತಗಳಿಂದ ಬಿದ್ದರೂ ಮರುದಿನ ಅವರ ಸರ್ಕಾರದ ಮೇಲಿನ ಅವಿಶ್ವಾಸ ನಿರ್ಣಯಕ್ಕೆ 325–306ರಿಂದ ಸೋಲಾಯಿತು. ಚುನಾವಣೆಯ ದಾರಿ ಸದ್ಯಕ್ಕೆ ಮುಚ್ಚಿತು. ಪಕ್ಷ ಬಾಯಿ ಬಿಡಲೇಬೇಕಾದ ಹೊತ್ತು ಅದು. ಬಿಡಲಿಲ್ಲ. ಮೇ ತಿಂಗಳ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಬ್ರೆಕ್ಸಿಟ್ ಪಾರ್ಟಿ, ಲಿಬರಲ್ ಡೆಮಾಕ್ರಾಟ್ ಎರಡಕ್ಕೂ ಹಿಂದೆ ಬಿದ್ದು, ಶೇ 14ರಷ್ಟು ಮತಕ್ಕೆ ಇಳಿಯಿತು.

ಕೊನೆಗೆ ತಳೆದ ನಿಲುವು ಇದು: ಹೊಸ ಒಪ್ಪಂದ ಮಾಡಿಕೊಂಡು ಅದನ್ನು ಜನಮತಕ್ಕೆ ಇಡುತ್ತೇವೆ, ಆಗ ಪ್ರಧಾನಿಯಾಗಿ ಕಾರ್ಬಿನ್ ತಟಸ್ಥರಾಗಿರುತ್ತಾರೆ. ಎದುರಿಗೆ, ಮೇ ನಂತರ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ‘ಬ್ರೆಕ್ಸಿಟ್ ಮುಗಿಸೋಣ’ ಎನ್ನುತ್ತಿದ್ದರು. 2019ರ ಡಿಸೆಂಬರ್ 12ರ ಸಾರ್ವತ್ರಿಕ ಚುನಾವಣೆಯಲ್ಲಿ ಲೇಬರ್‌ಗೆ ಸಿಕ್ಕಿದ್ದು 202 ಸೀಟು, 1935ರ ನಂತರದ ಕನಿಷ್ಠ. ಪಕ್ಷದ ಮಾಜಿ ಪ್ರಧಾನಿ ಟೋನಿ ಬ್ಲೇರ್ ಪ್ರತಿನಿಧಿಸಿದ್ದ ಸೆಡ್ಜ್‌ಫೀಲ್ಡ್ ಕೂಡ ಕೈತಪ್ಪಿತು.

ಹಾಗಾದರೆ ಸ್ಪಷ್ಟ ನಿಲುವಿದ್ದಿದ್ದರೆ ಗೆಲ್ಲುತ್ತಿತ್ತೇ? ಬ್ರೆಕ್ಸಿಟ್ಟನ್ನೇ ರದ್ದು ಮಾಡುತ್ತೇವೆಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ ಲಿಬರಲ್ ಡೆಮಾಕ್ರಾಟರ ಮತ ಪ್ರಮಾಣ ಏರಿದರೂ ಸಿಕ್ಕಿದ್ದು 11 ಸೀಟು. ನಾಯಕಿ ಜೋ ಸ್ವಿನ್ಸನ್ ತಮ್ಮ ಕ್ಷೇತ್ರದಲ್ಲೇ ಸೋತರು. ಈ ಉದಾಹರಣೆಯನ್ನು ಕೈಬಿಟ್ಟರೆ ನಿಮ್ಮ ವಾದ ಒಂಟಿಗಾಲಿನದಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಲೇಬರ್‌ಗೆ ಮುಳುವಾದದ್ದು ನಿಲುವು ಬದಲಾದ ಸಮಯ: ಫಲಿತಾಂಶವನ್ನು ಒಪ್ಪುತ್ತೇವೆಂದು 2017ರಲ್ಲಿ ಕೊಟ್ಟ ಮಾತನ್ನು ಎರಡು ವರ್ಷಗಳ ನಂತರ ಸಡಿಲಿಸಿದಾಗ, ಗಿರಣಿ ಪಟ್ಟಣಗಳಿಗೆ ಅದು ವಚನಭಂಗವಾಗಿ ಕಂಡಿತು, ಮಹಾನಗರಗಳಿಗೆ ತಡವಾಗಿ ಬಂದ ಮನಸ್ಸಾಗಿ ಕಂಡಿತು. ನೀವು ಇದನ್ನು ಒಪ್ಪಬೇಕಿಲ್ಲ. ಒಪ್ಪದಿದ್ದರೆ ಯಾವ ತಿಂಗಳಲ್ಲಿ ಯಾವ ನಿಲುವು ತಳೆಯಬಹುದಿತ್ತು ಎಂಬುದನ್ನು ಹೆಸರಿಸಿ ಬರೆಯಿರಿ.

ಮಂಡನೆಗೆ ಹದಿನೈದು ನಿಮಿಷವಿದ್ದರೆ ಎಂಟನ್ನು ನಕ್ಷೆಗೆ ಕೊಡಿ. ಮುಂದೇನಾಯಿತೆಂಬ ಪ್ರಶ್ನೆ ಬಂದೇ ಬರುತ್ತದೆ. ಎರಡನೇ ಜನಮತದ ಪರ ವಾದಿಸಿದ್ದ ಕೀರ್ ಸ್ಟಾರ್ಮರ್ ನಾಯಕರಾದ ಮೇಲೆ, 2020ರ ಡಿಸೆಂಬರ್ 30ರಂದು ಜಾನ್ಸನ್ ತಂದ ವ್ಯಾಪಾರ ಒಪ್ಪಂದಕ್ಕೆ ಪಕ್ಷ ಮತ ಹಾಕಿತು. 2024ರ ಪ್ರಣಾಳಿಕೆ ಐರೋಪ್ಯ ಒಕ್ಕೂಟದ ಏಕ ಮಾರುಕಟ್ಟೆಗೂ ಕಸ್ಟಮ್ಸ್ ಒಕ್ಕೂಟಕ್ಕೂ ಮರಳುವುದಿಲ್ಲ ಎಂದಿತು. ಅದನ್ನು ಸ್ಪಷ್ಟತೆ ಎನ್ನಬೇಕೋ, ವಿಷಯವನ್ನು ಬದಿಗೆ ಸರಿಸಿದ್ದು ಎನ್ನಬೇಕೋ ಎಂಬುದಕ್ಕೆ ಒಂದು ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡು ಹೋಗಿ.