ಬಿಲ್ಟ್-ಇನ್ ಡಿಶ್‌ವಾಷರ್ ಕೈಕೊಟ್ಟಾಗ: ಹೊರಗೆ ಎಳೆಯುವ ಮುಂಚೆ ನಾನು ನೋಡುವುದು

ಕ್ಯಾಬಿನೆಟ್ ಒಳಗೆ ಕೂರಿಸಿದ ಡಿಶ್‌ವಾಷರನ್ನು ಹೊರಗೆ ತೆಗೆಯುವುದು ಇಬ್ಬರ ಕೆಲಸ. ಕೆಳಗಿನ ಸ್ಕರ್ಟಿಂಗ್ ಹಲಗೆ ಬಿಚ್ಚಿ, ಪಕ್ಕದ ಸ್ಕ್ರೂ ತೆಗೆದು, ಕಾಲುಗಳನ್ನು ತಗ್ಗಿಸಿ, ಗ್ರಾನೈಟ್ ಅಂಚಿಗೆ ತಾಗದ ಹಾಗೆ ಎಳೆಯಬೇಕು. ಅದಕ್ಕೇ ಬಾಗಿಲ ಕಡೆಯಿಂದ ಮತ್ತು ಸಿಂಕಿನ ಕೆಳಗಿನಿಂದ ಕೈಗೆ ಸಿಗುವುದನ್ನೆಲ್ಲ ಮೊದಲು ನೋಡಿ ಮುಗಿಸುತ್ತೇನೆ. ಬಹುಪಾಲು ತೊಂದರೆ ಅಲ್ಲೇ ಸಿಕ್ಕಿಬೀಳುತ್ತದೆ. ಕೈ ಹಾಕುವ ಮುನ್ನ ಪ್ಲಗ್ ತೆಗೆದು, ನೀರಿನ ನಲ್ಲಿ ಬಂದ್ ಮಾಡಿ. ಪ್ಲಗ್ ಪಾಯಿಂಟ್ ಪಕ್ಕದ ಕ್ಯಾಬಿನೆಟ್ಟಿನಲ್ಲಿ ಇರಬೇಕು. ಮೆಷಿನ್ನಿನ ಹಿಂದೆ ಕೊಟ್ಟಿದ್ದರೆ ಮೀಟರ್ ಬೋರ್ಡಿನಲ್ಲಿ ಆ ಲೈನಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್ಚು) ಇಳಿಸುವುದೊಂದೇ ದಾರಿ.

ಹೆಚ್ಚಾಗಿ ಬರುವ ದೂರು, ತಳದಲ್ಲಿ ನೀರು ನಿಲ್ಲುವುದು. ಫಿಲ್ಟರನ್ನು ತಿರುಗಿಸಿ ಎತ್ತಿ, ನಿಂತ ನೀರನ್ನು ಲೋಟದಲ್ಲಿ ಮೊಗೆದು, ಉಳಿದದ್ದನ್ನು ಸ್ಪಾಂಜಿನಲ್ಲಿ ಹೀರಿಸಿ. ಫಿಲ್ಟರಿನ ಕೆಳಗಿನ ಗುಂಡಿಯಲ್ಲಿ ಸಿಗುವುದು ಕರಿಬೇವಿನ ಕಡ್ಡಿ, ಹುಣಸೆ ಬೀಜ, ಅನ್ನದ ಅಗುಳು, ಕೆಲವು ಸಲ ಒಡೆದ ಗಾಜಿನ ಚೂರು. ಬರಿಗೈ ಹಾಕಬೇಡಿ. ಎಷ್ಟೋ ಮಾದರಿಗಳಲ್ಲಿ ಗುಂಡಿಯ ಬದಿಗೆ ಡ್ರೈನ್ ಪಂಪಿನ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದನ್ನು ಚಮಚದ ಹಿಡಿಯಿಂದ ಮೀಟಿ ತೆಗೆದರೆ ಪಂಪಿನ ರೆಕ್ಕೆಚಕ್ರ ಕಾಣುತ್ತದೆ. ಬೆರಳಲ್ಲಿ ತಿರುಗಿಸಿ ನೋಡಿ. ತಡೆತಡೆದು, ಜಗ್ಗಿದ ಹಾಗೆ ತಿರುಗಿದರೆ ಪಂಪು ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಗೆ ಅಯಸ್ಕಾಂತ ಇರುವುದರಿಂದ ಅದು ಹಾಗೆಯೇ ತಿರುಗಬೇಕು. ಗಾಳಿಪಟದ ರಾಟೆಯಂತೆ ಸಲೀಸಾಗಿ ತಿರುಗಿದರೇ ಅನುಮಾನ: ಚಕ್ರಕ್ಕೂ ಅಯಸ್ಕಾಂತಕ್ಕೂ ಇರುವ ಕೊಂಡಿ ಮುರಿದಿರುತ್ತದೆ, ಪಂಪು ಬದಲಿಸಬೇಕು. ಅಲುಗಾಡದೇ ಇದ್ದರೆ ಏನೋ ಸಿಕ್ಕಿಕೊಂಡಿದೆ, ಇಕ್ಕಳದಲ್ಲಿ ಕಿತ್ತರೆ ಆಯಿತು. ಮುಚ್ಚಳವನ್ನು ಮತ್ತೆ ಹಾಕುವಾಗ ಟಕ್ ಎಂದು ಕೂರಬೇಕು. ಸಡಿಲ ಬಿಟ್ಟರೆ ಪಂಪು ಓಡುತ್ತದೆ, ನೀರು ಮಾತ್ರ ಹೋಗುವುದಿಲ್ಲ.

ಪಂಪು ಸರಿಯಿದ್ದೂ ನೀರು ಹೋಗುತ್ತಿಲ್ಲವೆಂದರೆ ಸಿಂಕಿನ ಕೆಳಗೆ ಬಗ್ಗಿ. ಹೊಸದಾಗಿ ಕೂರಿಸಿದ ಮೆಷಿನ್ ಮೊದಲ ದಿನವೇ ನೀರು ಬಿಡದಿದ್ದರೆ, ಟ್ರ್ಯಾಪಿನ (ಸಿಂಕಿನ ಕೆಳಗಿನ ಬಾಗಿದ ಪೈಪಿನ) ಮೂತಿಯ ಒಳಗಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಪ್ಲಂಬರ್ ಕತ್ತರಿಸದೆ ಪೈಪು ಸಿಕ್ಕಿಸಿರುತ್ತಾನೆ. ಹಳೆಯ ಮೆಷಿನ್ನಾದರೆ ಅದೇ ಮೂತಿಯಲ್ಲಿ ಜಿಡ್ಡು ಗಟ್ಟಿಯಾಗಿರುತ್ತದೆ. ಡ್ರೈನ್ ಪೈಪು ಟ್ರ್ಯಾಪಿಗೆ ಸೇರುವ ಮುಂಚೆ ಕೌಂಟರಿನ ಅಡಿಭಾಗದವರೆಗೆ ಏರಿ ಇಳಿಯಬೇಕು. ಆ ಏರು ಇಲ್ಲದಿದ್ದರೆ ಸಿಂಕಿನ ಮುಸುರೆ ನೀರು ಮೆಷಿನ್ ಒಳಗೆ ವಾಪಸು ಬರುತ್ತದೆ. ಪರೀಕ್ಷೆ ಸುಲಭ: ಮೆಷಿನ್ ಒಳಗನ್ನು ಒಣಗಿಸಿ, ಸಿಂಕ್ ತುಂಬಾ ನೀರು ತುಂಬಿಸಿ ಒಮ್ಮೆಗೇ ಬಿಡಿ. ಡಿಶ್‌ವಾಷರಿನ ತಳ ಒದ್ದೆಯಾದರೆ ತಪ್ಪು ಪೈಪಿನದು.

ನೀರು ಒಳಗೆ ಬರುವುದೇ ಇಲ್ಲ ಎನ್ನುವುದು ಮೇಲಿನ ಮಹಡಿಯವರ ಗೋಳು. ಸಾಮಾನ್ಯವಾಗಿ ಮೆಷಿನ್‌ಗಳು ಕನಿಷ್ಠ 0.5 ಬಾರ್ ಒತ್ತಡ ಕೇಳುತ್ತವೆ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಎಂದು ಲೆಕ್ಕ ಹಾಕಿದರೆ, ತಾರಸಿ ಟ್ಯಾಂಕಿನ ನೀರಿನ ಮಟ್ಟ ನಿಮ್ಮ ನಲ್ಲಿಗಿಂತ ಮೂರೇ ಮೀಟರ್ ಮೇಲಿದ್ದಾಗ ಸಿಗುವುದು 0.3 ಬಾರ್. ಇದಕ್ಕೆ ಪ್ರೆಶರ್ ಪಂಪೇ ಬೇಕು, ವಾಲ್ವ್ ಬದಲಿಸಿ ಪ್ರಯೋಜನವಿಲ್ಲ. ಒತ್ತಡ ಚೆನ್ನಾಗಿದ್ದರೆ ಒಳಬರುವ ಪೈಪಿನ ತುದಿಯ ಜಾಲರಿ ನೋಡಿ, ಬೋರ್‌ವೆಲ್ ಮರಳು ಕೂತಿರುತ್ತದೆ. ಪೈಪಿನ ತುದಿಯಲ್ಲಿ ದಪ್ಪನೆಯ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದನ್ನು ನೀರಿನಲ್ಲಿ ಮುಳುಗಿಸಬೇಡಿ, ಒಳಗೆ ಕರೆಂಟಿನ ವಾಲ್ವ್ ಇರುತ್ತದೆ.

ಪಾತ್ರೆ ಸರಿಯಾಗಿ ತೊಳೆಯದಿದ್ದರೆ ನೀರು ಚಿಮ್ಮುವ ತಿರುಗು ತೋಳನ್ನು, ಅಂದರೆ ಸ್ಪ್ರೇ ಆರ್ಮನ್ನು, ತೆಗೆದು ಕಿವಿಯ ಬಳಿ ಅಲ್ಲಾಡಿಸಿ. ಗಿಲಕಿಯ ಸದ್ದು ಬಂದರೆ ಒಗ್ಗರಣೆಯ ಸಾಸಿವೆ. ಅದರ ಗಾತ್ರ ತೂತಿನ ಗಾತ್ರಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ತೂತುಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ನಲ್ಲಿಗೆ ಹಿಡಿದು ಅಲ್ಲಾಡಿಸಿದರೆ ಕಾಳುಗಳು ಹೊರಬರುತ್ತವೆ. ಸೌಟಿನ ಹಿಡಿಯೋ ಕುಕ್ಕರಿನ ಕಿವಿಯೋ ಆರ್ಮಿಗೆ ಅಡ್ಡ ಬಂದರೂ ಇದೇ ಫಲಿತಾಂಶ. ಬಾಗಿಲು ಮುಚ್ಚುವ ಮುನ್ನ ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡುವುದು ರೂಢಿಯಾಗಲಿ.

ಗಾಜಿನ ಲೋಟ ಮಬ್ಬಾದರೆ ಒಂದು ಹನಿ ವಿನೆಗರ್ ಹಾಕಿ ಉಜ್ಜಿ. ಹೋದರೆ ಅದು ಸುಣ್ಣ, ಹೋಗದಿದ್ದರೆ ಗಾಜೇ ಸವೆದಿದೆ, ಏನೂ ಮಾಡಲಾಗದು. ಸುಣ್ಣಕ್ಕೆ ಮದ್ದು ಮೆಷಿನ್ನಿನ ಉಪ್ಪಿನ ಡಬ್ಬಿಗೆ ಹಾಕುವ ಉಪ್ಪು ಮತ್ತು ನೀರಿನ ಗಡಸುತನದ ಸೆಟ್ಟಿಂಗ್. ಮೆಷಿನ್ ಕಂಪನಿಯಿಂದ ಬರುವಾಗ ಇರುವ ಹಂತ ಬೆಂಗಳೂರಿನ ಬೋರ್‌ವೆಲ್ ನೀರಿಗೆ ಅನೇಕ ಸಲ ಸಾಲದು. ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ನಂಬಿ ಸೆಟ್ ಮಾಡುವವರಿದ್ದಾರೆ. ಅದು ಗಡಸುತನ ಅಳೆಯುವುದಿಲ್ಲ, ಗಡಸುತನದ ಟೆಸ್ಟ್ ಸ್ಟ್ರಿಪ್ಪೇ ಬೇಕು. ಸ್ಟ್ರಿಪ್ ಪಿಪಿಎಂನಲ್ಲಿ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ತೋರಿಸಿ, ಮೆಷಿನ್ ಜರ್ಮನ್ ಡಿಗ್ರಿ ಕೇಳಿದರೆ 17.8ರಿಂದ ಭಾಗಿಸಿ: 500 ಪಿಪಿಎಂ ಎಂದರೆ ಸುಮಾರು 28 ಡಿಗ್ರಿ. ಕಾವೇರಿ ನೀರು, ಟ್ಯಾಂಕರ್ ನೀರು ಅದಲುಬದಲಾಗಿ ಬರುವ ಮನೆಯಲ್ಲಿ ಹೆಚ್ಚು ಗಡಸಾದುದಕ್ಕೇ ಸೆಟ್ ಮಾಡುತ್ತೇನೆ. ಅಡುಗೆಯ ಪುಡಿ ಉಪ್ಪು ಬೇಡ, ಡಿಶ್‌ವಾಷರ್ ಉಪ್ಪೇ ಹಾಕಿ. ಚೆಲ್ಲಿದ ಉಪ್ಪು ಸ್ಟೀಲ್ ತಳವನ್ನು ತಿನ್ನುತ್ತದೆ, ಆದ್ದರಿಂದ ತುಂಬಿಸಿದ ಕೂಡಲೇ ಒಂದು ಪ್ರೋಗ್ರಾಂ ಓಡಿಸಿ. ಅಲ್ಯೂಮಿನಿಯಂ ಕುಕ್ಕರ್ ಕಪ್ಪಾಗುವುದು ಮೆಷಿನ್ನಿನ ದೋಷವಲ್ಲ, ಡಿಟರ್ಜೆಂಟಿನ ಕ್ಷಾರದ ಗುಣ. ಅದನ್ನು ಕೈಯಲ್ಲೇ ತೊಳೆಯಿರಿ.

ಇನ್ನು ಸೋರಿಕೆ. ಮೆಷಿನ್ನಿನ ತಳದ ತಟ್ಟೆಗೆ ನೀರು ಇಳಿದರೆ ಅಲ್ಲಿರುವ ತೇಲುಬೆಂಡು ಎದ್ದು, ಮೆಷಿನ್ ಬೇರೆಲ್ಲ ಕೆಲಸ ಬಿಟ್ಟು ಬರೀ ನೀರು ಹೊರಹಾಕುತ್ತಾ ಕೂರುತ್ತದೆ. ಯಾರಾದರೂ ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ್ದರೆ ಕಾರಣ ನೊರೆಯೇ. ಪೂರ್ತಿ ನೊರೆ ಹೋಗುವವರೆಗೂ ತಣ್ಣೀರು ಸುರಿದು ಡ್ರೈನ್ ಮಾಡಿ. ಇಲ್ಲವಾದರೆ ಕೆಳಗಿನ ಮುಂದಿನ ತಗಡು ಬಿಚ್ಚಿ, ಟಾರ್ಚ್ ಬಿಟ್ಟು, ಸ್ಪಾಂಜಿನಿಂದ ತಟ್ಟೆ ಒಣಗಿಸಿ, ಟಿಶ್ಯೂ ಪೇಪರ್ ತುಂಡುಗಳನ್ನು ಅಲ್ಲಲ್ಲಿ ಹಾಸುತ್ತೇನೆ. ತಗಡು ವಾಪಸು ಮುಚ್ಚಿ ಒಂದು ಸಣ್ಣ ಪ್ರೋಗ್ರಾಂ ಓಡಿಸಿ, ಪ್ಲಗ್ ತೆಗೆದು ನೋಡಿದರೆ ಮೊದಲು ಒದ್ದೆಯಾದ ತುಂಡು ಸೋರುವ ಜಾಗ ಹೇಳುತ್ತದೆ. ನೀರು ತೆಗೆದು ಕಾರಣ ಹುಡುಕದೆ ಬಿಟ್ಟರೆ ಅದೇ ಎರರ್ ಮತ್ತೆ ಬರುತ್ತದೆ.

ಪ್ಲಗ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು) ಬಿದ್ದರೆ ವೈರಿಂಗ್ ಕಡೆ ನೋಡಬೇಕು. ನೀರು ತುಂಬಿ ಸ್ವಲ್ಪ ಹೊತ್ತು ಓಡಿ, ಬಿಸಿ ಮಾಡಲು ಶುರುಮಾಡಿದಾಗ ಬಿದ್ದರೆ ಹೀಟರ್ ಮೇಲೆ ಅನುಮಾನ. ನೀರು ಬಿಸಿಯಾಗುತ್ತಲೇ ಇಲ್ಲವೆಂದರೆ ಹೀಟರಿನ ಓಮ್ ಅಳೆಯಬೇಕು: 230 ವೋಲ್ಟ್, 2000 ವಾಟ್ ಹೀಟರಿಗೆ ಸುಮಾರು 26 ಓಮ್ ಬರಬೇಕು. ಈ ಹಂತಕ್ಕೆ ಬಂದರೆ ಮೆಷಿನ್ ಎಳೆಯದೆ ಬೇರೆ ದಾರಿಯಿಲ್ಲ, ಕರೆಂಟಿನ ಕೆಲಸ ಗೊತ್ತಿಲ್ಲದವರು ಇಲ್ಲಿಗೆ ನಿಲ್ಲಿಸಿ ಟೆಕ್ನಿಷಿಯನ್ ಕರೆಯುವುದೇ ವಾಸಿ.

ವಾಪಸು ತಳ್ಳುವಾಗ ಒಬ್ಬರು ಸಿಂಕಿನ ಕೆಳಗೆ ಕೂತು ಎರಡೂ ಪೈಪುಗಳನ್ನು ಮೆಲ್ಲನೆ ತಮ್ಮತ್ತ ಎಳೆದುಕೊಳ್ಳುತ್ತಿರಬೇಕು. ಇಲ್ಲದಿದ್ದರೆ ಪೈಪು ಗೋಡೆಗೂ ಮೆಷಿನ್ನಿಗೂ ನಡುವೆ ಮಡಚಿಕೊಂಡು ಮೊದಲಿನ ದೂರೇ ವಾಪಸಾಗುತ್ತದೆ. ಸ್ಕರ್ಟಿಂಗ್ ಹಲಗೆಯನ್ನು ಒಂದು ಪೂರ್ತಿ ವಾಶ್ ಮುಗಿದು, ಕೆಳಗೆ ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಹಾಕುತ್ತೇನೆ.