ಹೊಂಡದ ಹಾಳೆಯಲ್ಲಿ ಮೀನಿನ ತೊಟ್ಟಿ

ತಿಕೋಟಾ ಹತ್ತಿರದ ನಮ್ಮ ದ್ರಾಕ್ಷಿ ತೋಟದ ಕೃಷಿಹೊಂಡಕ್ಕೆ ಹಾಳೆ ಹಾಸಿದವರು ಒಂದು ತುಂಡನ್ನು ಬದುವಿನ ಮೇಲೆ ಬಿಟ್ಟು ಹೋಗಿದ್ದರು. 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪದ ಕಪ್ಪು ಎಚ್‌ಡಿಪಿಇ, ಅಂದರೆ ಗಟ್ಟಿ ಪಾಲಿಎಥಿಲೀನ್ ಪ್ಲಾಸ್ಟಿಕ್‌ನ ಹಾಳೆ. 8 ಅಡಿ ಉದ್ದ, 6 ಅಡಿ ಅಗಲ. ಲಕ್ಷಗಟ್ಟಲೆ ಲೀಟರ್ ನೀರನ್ನು ವಿಜಯಪುರದ ಬಿಸಿಲಿನಲ್ಲಿ ಹಿಡಿದಿಡುವ ವಸ್ತು ನಮ್ಮ ಪಡಸಾಲೆಯ ಹತ್ತು ಮೀನುಗಳಿಗೆ ಸಾಲದೇ ಎನಿಸಿತು.

ಅದಕ್ಕೂ ಮೊದಲು ಒಂದು ತೊಟ್ಟಿ ಕೆಟ್ಟಿತ್ತು. ಪ್ಲೈವುಡ್ ಪೆಟ್ಟಿಗೆಯೊಳಗೆ ತಾಡಪತ್ರಿ ಹಾಸಿ, ಮೂಲೆಗಳನ್ನು ಕತ್ತರಿಸಿ, ಸಂದಿಗೆ ಸಿಲಿಕೋನ್ ತುಂಬಿದ್ದೆ. ಆ ತಾಡಪತ್ರಿಯೂ ಪಾಲಿಎಥಿಲೀನೇ, ಅದಕ್ಕೆ ಸಿಲಿಕೋನ್ ಹಿಡಿಯುವುದಿಲ್ಲ. ಒಣಗಿದ ಮೇಲೆ ಹಾಲಿನ ಕೆನೆಯಂತೆ ಒಂದೇ ಎಳೆತಕ್ಕೆ ಎದ್ದು ಬಂತು. ನೀರು ಕುಡಿದ ಪ್ಲೈವುಡ್ ಪದರ ಪದರವಾಗಿ ಬಿಚ್ಚಿಕೊಂಡಿತು, ಪಕ್ಕದಲ್ಲಿಟ್ಟಿದ್ದ ಒಣದ್ರಾಕ್ಷಿಯ ಪೆಟ್ಟಿಗೆಗಳೂ ನೆನೆದವು. ಅತ್ತೆ ಬೈಯಲಿಲ್ಲ, ಸುಮ್ಮನೆ ದ್ರಾಕ್ಷಿಯನ್ನು ಮತ್ತೆ ಬಿಸಿಲಿಗೆ ಹರವಿದರು. ಆಗ ತಿಳಿದದ್ದು ಇಷ್ಟು: ಭಾರ ತಡೆಯುವುದು ಮರದ ಕೆಲಸ, ನೀರು ಹಿಡಿಯುವುದು ಹಾಳೆಯ ಕೆಲಸ. ಇವೆರಡನ್ನೂ ಒಂದಕ್ಕೊಂದು ಅಂಟಿಸಲು ಹೋಗಬಾರದು.

ಪೆಟ್ಟಿಗೆಗೆ 18 ಮಿಲಿಮೀಟರ್ ದಪ್ಪದ 8×4 ಅಡಿಯ ಒಂದೇ ಪ್ಲೈವುಡ್ ಸಾಕು. ಐಎಸ್ 710, ಅಂದರೆ ನೀರು ತಡೆಯುವ ಮರೀನ್ ಪ್ಲೈವುಡ್ ಎಂಬ ಗುರುತು ಇರುವುದನ್ನೇ ಕೇಳಿ ತನ್ನಿ. ತಳಕ್ಕೆ 4×2 ಅಡಿ. ಉದ್ದದ ಎರಡು ಗೋಡೆಗಳು 4 ಅಡಿ ಉದ್ದ, 18 ಇಂಚು ಎತ್ತರ. ಅವುಗಳ ನಡುವೆ ಕೂರುವ ಎರಡು ಗೋಡೆಗಳು ಇಪ್ಪತ್ತೆರಡೂವರೆ ಇಂಚು ಅಗಲ, 18 ಇಂಚು ಎತ್ತರ. ಉಳಿದದ್ದನ್ನು 3 ಇಂಚಿನ ಪಟ್ಟಿಗಳಾಗಿ ಸೀಳಿಸಿಕೊಳ್ಳಿ. ನೀರು ತಡೆಯುವ ಮರದ ಅಂಟು ಹಚ್ಚಿ, ಮೊದಲು ಸಣ್ಣ ರಂಧ್ರ ಕೊರೆದು, 4 ಇಂಚಿಗೊಂದು ಸ್ಕ್ರೂ ಹಾಕಬೇಕು.

15 ಇಂಚು ನೀರು ತುಂಬಿದರೆ ಸುಮಾರು 250 ಲೀಟರ್ ಆಗುತ್ತದೆ. ಉದ್ದದ ಒಂದೊಂದು ಗೋಡೆಯನ್ನೂ ಆ ನೀರು ಸುಮಾರು 85 ಕಿಲೋ ಭಾರದಷ್ಟು ಬಲದಿಂದ ಹೊರಗೆ ತಳ್ಳುತ್ತದೆ. ಆದ್ದರಿಂದ ಮೇಲಂಚಿನ ಸುತ್ತ ಹೊರಗಿನಿಂದ ಪಟ್ಟಿ ಕಟ್ಟಿ, ನಡುವೆ ಒಂದು ಅಡ್ಡಪಟ್ಟಿ ಕೊಡಬೇಕು. ಅದಿಲ್ಲದಿದ್ದರೆ ಗೋಡೆ ನಡುವಿನಲ್ಲಿ ಉಬ್ಬುತ್ತದೆ. ಆದರೆ ಅಡ್ಡಪಟ್ಟಿಯನ್ನು ಹಾಳೆ ಕೂರಿಸಿದ ಮೇಲೆ, ನೀರು ತುಂಬುವ ಮೊದಲು ಬಿಗಿಯಿರಿ. ಹೊರಮೈಗೆ ಎರಡು ಬಾರಿ ಎನಾಮೆಲ್ ಬಣ್ಣ ಬಳಿಯಿರಿ, ಕತ್ತರಿಸಿದ ಅಂಚುಗಳಿಗೆ ಮೂರು ಬಾರಿ. ಪ್ಲೈವುಡ್ ನೀರು ಕುಡಿಯುವುದು ಹೆಚ್ಚಾಗಿ ಅಂಚಿನಿಂದಲೇ.

ಈ ತೊಟ್ಟಿಗೆ ಮುಂದೆ ಗಾಜು ಇಲ್ಲ. ಗಾಜು ಬೇಕೆಂದರೆ ಹಾಳೆಯನ್ನು ಕತ್ತರಿಸಬೇಕು, ಕತ್ತರಿಸಿದಲ್ಲಿ ಅಂಟಿಸಬೇಕು. ಮತ್ತೆ ಸಿಲಿಕೋನಿನ ತಾಪತ್ರಯ. ಚೀನಾದಲ್ಲಿ ಗೋಲ್ಡ್‌ಫಿಶ್ ಸಾಕಲು ತೊಡಗಿದವರು ಅವುಗಳನ್ನು ಕೊಳದಲ್ಲಿ, ಹರವಿಯಲ್ಲಿ ಮೇಲಿನಿಂದಲೇ ನೋಡುತ್ತಿದ್ದರು. ಕಪ್ಪು ತಳದ ಮೇಲೆ ಕಿತ್ತಳೆ ಬಣ್ಣದ ಬೆನ್ನು ತಿರುಗುವುದನ್ನು ಬಗ್ಗಿ ನೋಡುವ ಸುಖ ಗಾಜಿನ ತೊಟ್ಟಿಯಲ್ಲಿ ಸಿಗದು.

ಒಳಗೆ ಸ್ಕ್ರೂ ತಲೆಗಳನ್ನು ಪುಟ್ಟಿಯಿಂದ ಮುಚ್ಚಿ ಉಜ್ಜಿ, ಕೆಳಗಿನ ನಾಲ್ಕೂ ಸಂದಿಗಳಿಗೆ ಕಾಲು ವೃತ್ತದ ಆಕಾರದ ಮರದ ಸಣ್ಣ ಪಟ್ಟಿ (ಬೀಡಿಂಗ್) ಹೊಡೆಯಿರಿ. ಎಚ್‌ಡಿಪಿಇ ಹಾಳೆ ಚೂಪಾಗಿ ಮಡಚಿದಲ್ಲಿ ಬೆಳ್ಳಗಾಗಿ, ದಿನ ಕಳೆದಂತೆ ಅಲ್ಲೇ ಬಿರುಕು ಬಿಡಬಹುದು. ಬಾಗು ದುಂಡಗಿರಬೇಕು. ಹಾಳೆಯನ್ನು ಒಂದು ಗಂಟೆ ಬಿಸಿಲಿನಲ್ಲಿ ಹರವಿದರೆ ಮೆತ್ತಗಾಗಿ ಮಾತು ಕೇಳುತ್ತದೆ. ಮೂಲೆಗಳಿಗೆ ಕತ್ತರಿ ಮುಟ್ಟಿಸಬೇಡಿ. ಮುತ್ತುಗದ ಎಲೆಯಲ್ಲಿ ದೊನ್ನೆ ಮಾಡುವಾಗ ಹೇಗೆ ಮೂಲೆಯನ್ನು ಮಡಚಿ ಬದಿಗೆ ಒರಗಿಸುತ್ತೇವೋ ಹಾಗೆಯೇ ಇದನ್ನೂ ಮಡಚಿ. ಇಡೀ ಹಾಳೆ ಒಂದೇ ತುಂಡಾಗಿದ್ದರೆ ಸೋರಲು ಸಂದಿಯೇ ಇರುವುದಿಲ್ಲ.

ಇಲ್ಲೊಂದು ಎಚ್ಚರಿಕೆ, ದ್ರಾಕ್ಷಿ ಬೆಳೆಯುವವರಿಗೆ ಮುಖ್ಯವಾಗಿ. ಬಳ್ಳಿಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ ಮೀನಿಗೆ ವಿಷ. ಔಷಧಿ ಸಿಂಪಡಣೆಯ ಡ್ರಮ್ಮಿನ ಬಳಿ ಬಿದ್ದಿದ್ದ ಹಾಳೆಯನ್ನು, ಎಷ್ಟೇ ತೊಳೆದಿದ್ದರೂ, ಬಳಸಬೇಡಿ. ಬಕೆಟ್ಟು, ಪೈಪುಗಳೂ ಬೇರೆಯೇ ಇರಲಿ.

ತೊಟ್ಟಿಯನ್ನು ನೆರಳಿನಲ್ಲಿ, ಪರಸಿ ನೆಲದ ಮೇಲೆ ಮೂರು ಮರದ ಪಟ್ಟಿಗಳನ್ನಿಟ್ಟು ಕೂರಿಸಿ. ತಳಕ್ಕೆ ಗಾಳಿ ಆಡಬೇಕು, ಗೆದ್ದಲು ಬಂದರೆ ಕಾಣಬೇಕು. ನೀರು ತುಂಬುವಾಗ ಅವಸರ ಬೇಡ. ನಾಲ್ಕು ಇಂಚು ತುಂಬಿ ನಿಲ್ಲಿಸಿ, ಸುಕ್ಕುಗಳನ್ನು ಅಂಗೈಯಿಂದ ಗೋಡೆಯತ್ತ ಸರಿಸಿ, ಮತ್ತೆ ನಾಲ್ಕು ಇಂಚು ತುಂಬಿ. ನೀರೇ ಹಾಳೆಯನ್ನು ಮರಕ್ಕೆ ಒತ್ತಿ ಕೂರಿಸುತ್ತದೆ. ಪೂರ್ತಿ ತುಂಬಿದ ಮೇಲಷ್ಟೇ ಮೇಲಂಚನ್ನು ಹೊರಗೆ ಮಡಚಿ ಪಟ್ಟಿಯಿಂದ ಬಿಗಿಯಿರಿ. ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ಮೊಳೆಯೂ ಹಾಳೆಯನ್ನು ತೂರಬಾರದು.

ತಳದ ಪಟ್ಟಿಗಳ ನಡುವೆ ಹಳೆಯ ದಿನಪತ್ರಿಕೆ ತುರುಕಿ, ಒಂದು ವಾರ ದಿನಾ ಬೆಳಿಗ್ಗೆ ಎಳೆದು ಮುಟ್ಟಿ ನೋಡಿ. ಒಣಗಿದ್ದರೆ ಆ ನೀರನ್ನು ನಿಂಬೆ ಗಿಡಕ್ಕೆ ಸುರಿದು ಹೊಸ ನೀರು ತುಂಬಿ. ನಮ್ಮ ಕೊಳವೆಬಾವಿಯ ಗಡಸು ನೀರು ಗಪ್ಪಿ, ಮೋಲಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ನಗರದ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಮೊದಲು ನಾಲ್ಕೇ ಗಪ್ಪಿಗಳನ್ನು ಬಿಡಿ. ಅವುಗಳ ಕಲ್ಮಶವನ್ನು ಅರಗಿಸುವ ಸೂಕ್ಷ್ಮಾಣುಗಳು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮೇಲೆ ಒಂದು ಜಾಳಿಗೆ ಮುಚ್ಚಿಡಿ. ನಮ್ಮ ಬೆಕ್ಕು ಎರಡನೆಯ ದಿನವೇ ಅಂಚಿನ ಮೇಲೆ ಬಂದು ಕೂತಿತ್ತು.